ಪರದೆಯ ಮೇಲಿನ ಹೆಸರು

ಮಕ್ಕಳನ್ನು ಪಾಠದಲ್ಲಿ ತೊಡಗಿಸುವ ಹೊಸ ವಿಧಾನಗಳನ್ನು ಶಿಕ್ಷಕರಿಗೆ ಕಲಿಸುವುದು ನನ್ನ ಕೆಲಸ. ಮೊನ್ನೆ ದರೋಜಿ ಕರಡಿಧಾಮದ ಆಚೆಯ ಒಂದೂರಿನ ಏಳನೇ ತರಗತಿಗೆ ಹೋಗಿದ್ದೆ. ಅಲ್ಲಿ ನಾನು ತೋರಿಸಿದ ವಿಧಾನದಲ್ಲಿ, ಪ್ರಶ್ನೆ ಕೇಳಿದಾಗ ಮಕ್ಕಳು ಎದ್ದು ಮಾತಾಡಬೇಕಿಲ್ಲ. ಕೈಯಲ್ಲಿನ ಕಾರ್ಡನ್ನು ಉತ್ತರಕ್ಕೆ ತಕ್ಕಂತೆ ತಿರುಗಿಸಿ ಹಿಡಿದರೆ ಸಾಕು, ನನ್ನ ಮೊಬೈಲ್ ಅದನ್ನು ಓದಿ ಗೋಡೆಯ ಪರದೆಯ ಮೇಲೆ ಫಲಿತಾಂಶ ತೋರಿಸುತ್ತದೆ. ಕೊನೆಗೆ ಎಲ್ಲರಿಗಿಂತ ಮೇಲೆ ಗಂಗಮ್ಮ ಎಂಬ ಹುಡುಗಿಯ ಹೆಸರು ಬಂತು.

"ವರ್ಷಪೂರ್ತಿ ಬಾಯೇ ಬಿಟ್ಟಿಲ್ರೀ ಈಕಿ!" ಎಂದು ಟೀಚರ್ ಬೆರಗಾದರು.

ಗಂಗಮ್ಮ ನನ್ನ ಹತ್ತಿರ ಬಂದು, "ಸರ್, ಅದನ್ನ ಅಳಿಸಬ್ಯಾಡ್ರಿ. ಅಪ್ಪನ್ನ ಕರ್ಕೊಂಡು ಬರ್ತೀನಿ," ಎಂದು ಓಡಿದಳು.

ಹೊಲದಿಂದ ಬಂದ ಅಪ್ಪ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಪರದೆಯನ್ನೇ ಬಹಳ ಹೊತ್ತು ನೋಡಿದರು.

"ಭಾಳ ಶಾಣ್ಯಾಕಿ ಅದಾಳ. ಮುಂದ ಓದಸ್ರಿ," ಎಂದೆ.

"ಶಾಣ್ಯಾಕಿ ಅಂತ ನನಗೂ ಗೊತ್ರೀ ಸರ್. ಹೈಸ್ಕೂಲು ಇಲ್ಲಿಲ್ಲ, ಬಸ್ಸೂ ಬರಂಗಿಲ್ಲ. ನಡಕೊಂಡು ಹೋಗ್ಬೇಕಂದ್ರ ದಾರ್ಯಾಗ ಕರಡಿ ಅದಾವ. ಹೆಂಗ ಕಳಸ್ಲಿ, ನೀವ ಹೇಳ್ರಿ."

ಗಂಗಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಕಾರ್ಡುಗಳನ್ನು ಒಟ್ಟುಮಾಡಿ ಚೀಲಕ್ಕೆ ಹಾಕತೊಡಗಿದೆ. ಅವಳು ಅಪ್ಪನ ಹಿಂದೆ ಹೊರಟುಹೋದಳು.

ಕರಡಿಗಳಿರುವ ಅದೇ ದಾರಿಯಲ್ಲಿ ನಾನು ಕಚೇರಿಯ ಜೀಪಿನಲ್ಲಿ ಹೊಸಪೇಟೆಗೆ ವಾಪಸಾದೆ. ಹಿಂದಿನ ಸೀಟು ಪೂರ್ತಿ ಖಾಲಿಯಿತ್ತು.