ಬಿಟ್ಟುಕೊಟ್ಟ ಸರದಿ

ಪವಿತ್ರ, ಮೊನ್ನೆ ನಿನಗೆ ಸುಳ್ಳು ಹೇಳಿದೆ.

ನಿಮ್ಮಪ್ಪನ ಹೆಣಕ್ಕೆ ಕಡೆಯ ಸಲ ಗಡ್ಡ ತೆಗೆಯುತ್ತಿದ್ದೆ. ನೀನು ಹತ್ತಿರ ಬಂದು, "ಮಾಮ, ನನ್ನ ಕಿವಿ ವಿಷ್ಯ ಅಪ್ಪ ಯಾವತ್ತಾದ್ರೂ ನಿಮ್ಹತ್ರ ಮಾತಾಡಿದ್ನಾ?" ಎಂದು ಕೇಳಿದೆ. ನಾನು "ಇಲ್ಲವ್ವ" ಎಂದುಬಿಟ್ಟೆ. ಅದನ್ನು ಕೇಳಿಸಿಕೊಳ್ಳಲು ನೀನು ಬಲಗಿವಿ ತಿರುಗಿಸಿದ್ದು — ಕಣ್ಣಿಂದ ಹೋಗುತ್ತಿಲ್ಲ.

ಅವನು ಮಾತಾಡಿದ್ದ. ನಿನ್ನ ಕಿವಿ ಹೋದಮೇಲಲ್ಲ — ಹೋಗುವ ಮೊದಲು.

ನೀನಾಗ ಏಳನೇ ಕ್ಲಾಸು. ಭಾನುವಾರ ಬೆಳಿಗ್ಗೆ, ಹೊಳಲ್ಕೆರೆಯ ನನ್ನ ಕಟಿಂಗ್ ಶಾಪಿನ ತುಂಬ ಜನ. ಹಿಂದಿನ ದಿನವಷ್ಟೇ ಶೇವಿಂಗ್ ಮಾಡಿಸಿಕೊಂಡಿದ್ದ ನಿಮ್ಮಪ್ಪ ಬಂದು ಬೆಂಚಿನ ಮೇಲೆ ಕೂತ. ಸರದಿ ಬಂದಾಗಲೆಲ್ಲ, "ನೀವು ಕುಂತ್ಕಳ್ರಿ, ನಂದೇನು ಅರ್ಜೆಂಟಿಲ್ಲ" ಎಂದು ಬೇರೆಯವರಿಗೆ ಬಿಟ್ಟುಕೊಟ್ಟ. ಮೂರು ಸಲ. ಕೊನೆಗೆ ನಾನೇ ಕರೆದು ಕುರ್ಚಿಗೆ ಕೂರಿಸಿದೆ. ಬಟ್ಟೆ ಹೊದಿಸುವಾಗ ಮೆಲ್ಲಗೆ ಹೇಳಿದ:

"ಲೇ, ಬೆಳಿಗ್ಗೆ ಹೆಂಡ್ತಿಗೆ ಹೊಡ್ದೆ. ಸಿಟ್ಟು ಇನ್ನೂ ಇಳ್ದಿಲ್ಲ. ಸಂಜೆಗಂಟ ಇಲ್ಲೇ ಇರ್ತೀನಿ — ಮನೆಗೆ ಕಳಿಸ್ಬ್ಯಾಡ."

ನಾನು ಬೆಂಚಿನವರ ಕಡೆ ತಿರುಗಿದೆ. "ಕೇಳಿದ್ರೇನ್ರಿ, ನಮ್ಮ ತಿಪ್ಪೇಸ್ವಾಮಿ ಹೆಂಡ್ತಿಗೆ ಹೆದ್ರಿ ಓಡಿ ಬಂದಾನೆ! ಬಳೆ ತೊಡ್ಸಿ ಕಳ್ಸಾಣೇನು?"

"ಕೈ ದಪ್ಪ ಐತೆ, ಸೈಜ್ ಸಿಗಲ್ಲ ಬಿಡಪ್ಪ" ಎಂದರು ಯಾರೋ.

ಎಲ್ಲರೂ ನಕ್ಕರು. ಅವನೂ ನಕ್ಕ — ಎಲ್ಲರಿಗಿಂತ ಜೋರಾಗಿ. ಬಟ್ಟೆ ತೆಗೆದಿಟ್ಟು ಎದ್ದು ಹೋದ.

ಆ ಮಧ್ಯಾಹ್ನ ನಿಮ್ಮಮ್ಮನ ಮೇಲೆ ಬೀಳಬೇಕಿದ್ದ ಏಟಿಗೆ ನೀನು ಅಡ್ಡ ಬಂದೆ. ಎಡಗಿವಿ...

ಅವನಿಗೆ ತನ್ನ ಸಿಟ್ಟಿನ ಬಗ್ಗೆ ಮೊದಲೇ ಭಯವಿತ್ತು ಎಂದು ಹೇಳಿ ಅವನನ್ನು ದೊಡ್ಡವನಾಗಿಸುವುದಿಲ್ಲ. ಹೊಡೆದ ಕೈ ಅವನದೇ. ಆದರೆ ನನ್ನ ತಪ್ಪು ಬೇರೆ ಉಳಿದಿದೆ. ಕನ್ನಡಿಯಲ್ಲಿ ಅವನ ಮುಖ ನೋಡಿದ್ದೆ. ಅವನು ಕೇಳಿದ್ದು ಅರ್ಥವಾಗಿತ್ತು. ಅರ್ಥವಾಗದೆ ನಕ್ಕವನಲ್ಲ ನಾನು. ಸಂಜೆವರೆಗೆ ಕೂರಲು ಒಂದು ಬೆಂಚು ಕೇಳಿದ್ದ — ಅಷ್ಟೇ.

ಮತ್ತೆಂದೂ ಅವನು ನನ್ನ ಹತ್ತಿರ ಮನೆಯ ಮಾತು ಎತ್ತಲಿಲ್ಲ. ಹೊಡೆಯುವುದನ್ನು ಬಿಟ್ಟನೋ, ಹೇಳುವುದನ್ನು ಬಿಟ್ಟನೋ — ನಾನು ಕೇಳಲೂ ಇಲ್ಲ. ವಾರ ವಾರ ಬಂದು ಕಣ್ಣು ಮುಚ್ಚಿ ಕೂರುತ್ತಿದ್ದ. ಮೊನ್ನೆಯೂ ಹಾಗೇ, ಕಣ್ಣು ಮುಚ್ಚಿ... ಇವತ್ತಿಗೂ ಬೆಂಚಿನಲ್ಲಿ ಯಾರಾದರೂ ಸರದಿ ಬಿಟ್ಟುಕೊಟ್ಟರೆ ನನ್ನ ಕೈ ನಿಂತುಬಿಡುತ್ತದೆ.

ಮಂಗಳವಾರ ಅಂಗಡಿ ರಜೆ. ಅವತ್ತು ಬರುತ್ತೇನೆ. ಈ ಕಾಗದವನ್ನು ನಿನ್ನ ಕೈಗೆ ಕೊಟ್ಟು ತಲೆ ತಗ್ಗಿಸಿ ಬರುವುದಿಲ್ಲ. ಬಾಯಿಬಿಟ್ಟು ಓದುತ್ತೇನೆ — ನಿನ್ನ ಬಲಗಡೆ ಕೂತು.