ಒಳಗೆ ಬಿಟ್ಟ ಅರ್ಧ ಇಂಚು

ಆ ಬೀದಿಯಲ್ಲಿ ಅವನಿಗೆ ‘ಅರ್ಧ ಇಂಚು’ ಎಂದೇ ಹೆಸರು. ಯಾರ ಬಟ್ಟೆ ಹೊಲಿದರೂ ಹೊಲಿಗೆಯ ಒಳಗೆ ಅರ್ಧ ಇಂಚು ಹೆಚ್ಚಿಗೆ ಬಿಡುವನು. ಕೊಡುವಾಗ “ಮೈ ಬಂದ್ರೆ ಬಿಚ್ಚಿಸ್ಕೊಳ್ಳಿ, ಒಳಗೆ ಇದೆ” ಎಂದು ಹೇಳದೆ ಬಿಡುವವನಲ್ಲ. ಮದುವೆಗೆಂದು ಹೊಲಿಸಿದ ಕೋಟನ್ನು ವರ್ಷಗಳಾದ ಮೇಲೆ ಹೊಟ್ಟೆಯ ಸಮೇತ ತಂದವರಿಗೆ ಆ ಮಾತಿನ ಬೆಲೆ ಗೊತ್ತಿತ್ತು. ಮುಂದೆ ಟೈಲರ್ ಅಂಗಡಿ, ಹಿಂದೆ ಎರಡು ಕೋಣೆಯ ಮನೆ, ನಡುವೆ ಒಂದು ಪರದೆ. ಪರದೆಯ ಪಕ್ಕದ ಸ್ಟೂಲಿನ ಮೇಲೆ ಕೂತು ಹೆಂಡತಿ ಕಾಜಾ ಹಾಕುತ್ತಿದ್ದಳು, ಗುಂಡಿ ಹಚ್ಚುತ್ತಿದ್ದಳು. ಬಂದವರಿಗೆಲ್ಲ ಅವನು ‘ಮಾಸ್ಟ್ರೇ’. ಅವಳಿಗೊಬ್ಬಳಿಗೆ ‘ರೀ’.

ಅವಳ ಮರೆವು ಕಾಣಿಸಿಕೊಂಡದ್ದು ಕೈಕೆಲಸದಲ್ಲೇ. ಒಂದು ಅಂಗಿಗೆ ಎರಡೂ ಕಡೆ ಗುಂಡಿ ಹಚ್ಚಿದಳು, ಕಾಜಾ ಒಂದೂ ಇಲ್ಲ. ಗಿರಾಕಿ ನಕ್ಕ, ಗಂಡ ನಕ್ಕ, ಅವಳೂ ನಕ್ಕಳು. ಆಮೇಲೆ ಒಲೆಯ ಮೇಲಿಟ್ಟ ಹಾಲು ಮರೆತಳು, ಮಗಳ ಮನೆಯ ದಾರಿ ಮರೆತಳು. ಆಗ ಯಾರೂ ನಗಲಿಲ್ಲ.

ಡಾಕ್ಟರು ಪರೀಕ್ಷೆಗಳನ್ನೆಲ್ಲ ಮಾಡಿಸಿ, ಇದನ್ನು ವಾಸಿ ಮಾಡುವ ಔಷಧಿ ಇಲ್ಲ, ಊಟ ನೆಟ್ಟಗಿದ್ದರೆ ಮಿದುಳಿಗೆ ಒಳ್ಳೆಯದು, ಮರೆವು ಸ್ವಲ್ಪ ನಿಧಾನವಾದರೂ ಆಗಬಹುದು ಎಂದರು. ಸೊಪ್ಪು, ಕಾಳು, ಹಣ್ಣು ಹೆಚ್ಚಿರಲಿ. ಅಕ್ರೋಟು ಇರಲಿ, ವಾರಕ್ಕೆ ಒಂದೆರಡು ಸಲ ಮೀನು ಇರಲಿ. ಉಪ್ಪು, ಸಕ್ಕರೆ, ಬೆಣ್ಣೆ, ಕರಿದದ್ದು ಕಡಿಮೆ ಮಾಡಿ. ‘ಆಗಬಹುದು’ ಎಂದ ಮಾತು ಆಸ್ಪತ್ರೆಯ ಗೇಟು ದಾಟುವಷ್ಟರಲ್ಲಿ ಅವನ ತಲೆಯಲ್ಲಿ ‘ಆಗುತ್ತದೆ’ ಎಂದಾಗಿತ್ತು. ಅವನಿಗೆ ಬೇಕಾಗಿದ್ದದ್ದಾದರೂ ಏನು? ಅವಳು ಯಾರನ್ನು ಬೇಕಾದರೂ ಮರೆಯಲಿ, ‘ರೀ’ ಅನ್ನುವುದನ್ನು ಮರೆಯದಿದ್ದರೆ ಸಾಕು.

ಅಂದಿನಿಂದ ಅಡಿಗೆಮನೆ ಅವನದಾಯಿತು. ಜೀವಮಾನವಿಡೀ ಅಳತೆ ತಪ್ಪದೆ ಬದುಕಿದ ಮನುಷ್ಯ, ಡಾಕ್ಟರು ‘ಕಡಿಮೆ’ ಎಂದದ್ದನ್ನು ‘ಬೇಡವೇ ಬೇಡ’ ಎಂದು ಮಾಡಿಕೊಂಡ. ಉಪ್ಪಿನ ಡಬ್ಬಿ ಅಟ್ಟ ಸೇರಿತು. ಬೆಣ್ಣೆ ಮನೆಗೆ ಬರುವುದು ನಿಂತಿತು. ಬೇಯಿಸಿದ ಸೊಪ್ಪು, ಬೇಯಿಸಿದ ಕಾಳು, ಬೇಯಿಸಿದ ಮೀನು, ಬೆಳಿಗ್ಗೆ ನೆನೆಸಿಟ್ಟ ಅಕ್ರೋಟು. ಊಟ ಬಲ್ಲವನಿಗೆ ರೋಗವಿಲ್ಲ ಎಂದು ಮಗಳಿಗೆ ಫೋನಿನಲ್ಲಿ ಪಾಠ ಹೇಳಿದ. ಉಪ್ಪಿಗಿಂತ ರುಚಿಯಿಲ್ಲ ಅನ್ನುವುದೂ ಗಾದೆಯೇ. ಆದರೆ ನಮಗೆ ಬೇಕಾದ ಗಾದೆ ಮಾತ್ರ ನಮಗೆ ನೆನಪಾಗುತ್ತದೆ.

ಅವಳು ಒಂದು ದಿನವೂ ಮುಖ ಸಿಂಡರಿಸಲಿಲ್ಲ. ನಾಲ್ಕು ಚಮಚ ತಿನ್ನುವಳು, ತಟ್ಟೆಯ ಅಂಚಿಗೆ ಉಳಿದದ್ದನ್ನು ಸರಿಸುವಳು, “ಚೆನ್ನಾಗಿದೆ ರೀ, ಸಾಕು” ಅನ್ನುವಳು. ಆ ‘ರೀ’ ಕಿವಿಗೆ ಬಿದ್ದ ಮೇಲೆ ತಟ್ಟೆಯಲ್ಲಿ ಎಷ್ಟು ಉಳಿಯಿತೆಂದು ನೋಡುವ ಗೊಡವೆ ಅವನಿಗೇಕೆ? ಪಥ್ಯ ಫಲ ಕೊಡುತ್ತಿದೆ ಎಂದುಕೊಂಡ.

ಕೆಲವು ತಿಂಗಳಾದ ಮೇಲೆ ಅವಳ ನೀಲಿ ಗೌನು ಹೆಗಲಿನಿಂದ ಜಾರತೊಡಗಿತು. ಬೇರೆ ಯಾವ ಗಂಡನಾದರೂ ಆಗ ಹೆಂಡತಿಯ ಮೈ ನೋಡುತ್ತಿದ್ದ. ಇವನು ಟೈಲರು, ಬಟ್ಟೆ ನೋಡಿದ. ಒಗೆದು ಒಗೆದು ಹಿಗ್ಗಿದೆ ಎಂದು ಎರಡೂ ಪಕ್ಕ ಒಳಕ್ಕೆ ಹಿಡಿದು ಹೊಲಿದ. ಇನ್ನೊಂದು ತಿಂಗಳಿಗೆ ತೋಳು ಹಿಡಿದ, ಆಮೇಲೆ ಮತ್ತೆ ಪಕ್ಕ. ಗೌನುಗಳೆಲ್ಲ ಒಂದೊಂದಾಗಿ ಮಿಷನ್ನಿನ ಕೆಳಗೆ ಹೋಗಿ ಬಂದವು. ಕೆಲಸ ಎಷ್ಟು ನಾಜೂಕೆಂದರೆ ಹಿಡಿದದ್ದು ಹೊರಗೆ ಗೊತ್ತೇ ಆಗುತ್ತಿರಲಿಲ್ಲ. ರಜೆಗೆ ಬಂದ ಮಗಳು, ಅಮ್ಮ ಎಷ್ಟು ಅಚ್ಚುಕಟ್ಟಾಗಿ ಕಾಣುತ್ತಾಳೆ ಎಂದಳು. ಅವನಿಗೆ ಹೆಮ್ಮೆಯೇ ಆಯಿತು.

ಮರುಪರೀಕ್ಷೆಗೆ ಮಗಳೂ ಜೊತೆಗೆ ಬಂದಿದ್ದಳು. ನರ್ಸು ಅಮ್ಮನನ್ನು ತೂಕದ ಮಿಷನ್ನಿನ ಮೇಲೆ ನಿಲ್ಲಿಸಿದಳು, ಇಳಿಸಿದಳು, ಮತ್ತೆ ನಿಲ್ಲಿಸಿದಳು. ಡಾಕ್ಟರು ಗೌನಿನ ತೋಳು ಮೇಲೆತ್ತಿ ರಟ್ಟೆಯನ್ನು ಹೆಬ್ಬೆರಳು, ತೋರುಬೆರಳಿನಲ್ಲಿ ಹಿಡಿದರು. ಬೆರಳೆರಡೂ ಕೂಡಿಕೊಂಡವು.

“ಮಿದುಳೂ ಮೈಯೊಳಗೇ ಇರೋದು ಯಜಮಾನ್ರೇ,” ಎಂದರು ಡಾಕ್ಟರು. “ಮೈಗೇ ಸಾಕಾಗ್ತಿಲ್ಲ ಅಂದ್ರೆ ಅದಕ್ಕೆ ಎಲ್ಲಿಂದ ಬರಬೇಕು? ಸೊಪ್ಪು ಕೊಡಿ, ಬೇಡ ಅನ್ನಲ್ಲ. ಆದ್ರೆ ಉಪ್ಪು ಹಾಕಿ, ಬೆಣ್ಣೆ ಹಾಕಿ, ಅವರು ತಿನ್ನೋ ಹಾಗೆ ಮಾಡಿ ಕೊಡಿ.”

ನರ್ಸು ಯಾರ ಮೇಲೂ ತಪ್ಪು ಹೊರಿಸದೆ, ಬಟ್ಟೆ ನೋಡಿದರೆ ಇಷ್ಟು ಇಳಿದದ್ದು ಗೊತ್ತೇ ಆಗುವುದಿಲ್ಲ ಎಂದಳು. ಮಗಳು ಗೌನಿನ ಪಕ್ಕದ ಹೊಲಿಗೆಯನ್ನು ಮುಟ್ಟಿ ನೋಡಿದಳು, ಅಪ್ಪನನ್ನು ನೋಡಿದಳು. ಬಸ್ಸಿನಲ್ಲಿ ಅವನು ಕಿಟಕಿಯ ಹೊರಗೆ ನೋಡುತ್ತ ಕೂತ. ಅಳು ಬರಬೇಕಾಗಿತ್ತು, ಬರಲಿಲ್ಲ. ನಾಚಿಕೆಯೂ ಆಗಲಿಲ್ಲ. ಬಹಳ ಹೊತ್ತು ಒಂದೇ ಮಗ್ಗುಲಲ್ಲಿ ಮಲಗಿದವನ ಕೈಯಂತೆ ಮನಸ್ಸು ಜೋಮು ಹಿಡಿದಿತ್ತು.

ಅಂದೇ ಸಂಜೆ ಮಗಳು ತನ್ನ ಮನೆಗೆ ಹೋದ ಮೇಲೆ ಅವನು ಹೆಂಡತಿಗೆ ಹಳೆಯ ಶಾಲು ಹೊದಿಸಿ ಕೂರಿಸಿ, ನೀಲಿ ಗೌನನ್ನು ತಿರುವಿ ಹಾಕಿ ಬ್ಲೇಡಿನಿಂದ ಹೊಲಿಗೆ ಬಿಚ್ಚತೊಡಗಿದ. ಒಂದು ಸಾಲು ಬಿಚ್ಚಿದರೆ ಪಕ್ಕದಲ್ಲಿ ಇನ್ನೊಂದು, ಅದರಾಚೆ ಮತ್ತೊಂದು. ಮಡಿಕೆಯ ಒಳಗೆ ಬಟ್ಟೆಗೆ ಬಿಸಿಲು ಸೋಕಿರಲಿಲ್ಲ. ಅಲ್ಲಿ ಕೊಂಡ ದಿನದ ನೀಲಿ ಹಾಗೆಯೇ ಇತ್ತು. ಎಲ್ಲ ಬಿಚ್ಚಿ, ದಾರದ ಚೂರು ಕೊಡವಿ, ಮೊದಲಿನ ಅಳತೆಗೇ ಹೊಲಿದು ಅವಳಿಗೆ ತೊಡಿಸಿದ. ಅಂಗಡಿಯ ಕನ್ನಡಿಯ ಮುಂದೆ ನಿಲ್ಲಿಸಿದ. ಗೌನು ಗೂಟಕ್ಕೆ ಹಾಕಿದಂತೆ ನೇತಾಡಿತು.

ಅವಳು ಕನ್ನಡಿ ನೋಡಿದಳು. ಅವನ ಕುತ್ತಿಗೆಯಲ್ಲಿದ್ದ ಟೇಪು ನೋಡಿದಳು. ಅಳತೆ ಕೊಡುವವಳಂತೆ ಎರಡೂ ಕೈ ಸ್ವಲ್ಪ ಎತ್ತಿ ನಿಂತಳು.

“ಸಡಿಲ ಆಯ್ತಲ್ಲ ಮಾಸ್ಟ್ರೇ.”

ಇಷ್ಟು ದಿನ ಯಾವುದಕ್ಕೆ ಹೆದರಿದ್ದನೋ ಅದು ಬಂದಿತ್ತು. ಬಂದಾಗ ಸದ್ದೇ ಆಗಲಿಲ್ಲ. ಅವನ ಬಾಯಿಗೆ ಬಂದದ್ದು ಅಂಗಡಿಯ ಮಾತು.

“ಇರಲಿ ಅಮ್ಮಾ. ಮೈ ಬಂದ್ರೆ ಬೇಕಾಗತ್ತೆ.”

ಅವಳು ಪರದೆಯ ಕಡೆಗೊಮ್ಮೆ ನೋಡಿ ದನಿ ತಗ್ಗಿಸಿದಳು. “ಮೈ ಎಲ್ಲಿಂದ ಬರತ್ತೆ? ನಮ್ಮನೆಯವರೇ ಈಗ ಅಡಿಗೆ ಮಾಡೋದು. ಉಪ್ಪಿಲ್ಲ, ಏನಿಲ್ಲ, ಗಂಟಲಲ್ಲಿ ಇಳಿಯಲ್ಲ. ಪಾಪ, ನನ್ನ ಮುಖಾನೇ ನೋಡ್ತಾ ಕೂತಿರ್ತಾರೆ. ಅದಕ್ಕೆ ಚೆನ್ನಾಗಿದೆ ಅಂತೀನಿ. ಅವರಿಗೆ ಹೇಳಬೇಡಿ, ಬೇಜಾರು ಮಾಡ್ಕೋತಾರೆ.”

“ಹೇಳಲ್ಲ,” ಎಂದ.

ಅವಳನ್ನು ಸ್ಟೂಲಿನ ಮೇಲೆ ಕೂರಿಸಿ, ಬೀದಿಯ ಕೊನೆಯ ಅಂಗಡಿಗೆ ಹೋಗಿ ಬೆಣ್ಣೆ, ಮೊಟ್ಟೆ ತಂದ. ಕುರ್ಚಿ ಹತ್ತಿ ಅಟ್ಟದಿಂದ ಉಪ್ಪಿನ ಡಬ್ಬಿ ಇಳಿಸಿದ. ಉಪ್ಪು ಗಟ್ಟಿಯಾಗಿತ್ತು, ಚಮಚದ ಹಿಡಿಯಿಂದ ಕುಟ್ಟಿ ಪುಡಿ ಮಾಡಿದ. ಬೆಳಗಿನ ಸೊಪ್ಪನ್ನು ಬೆಣ್ಣೆಯಲ್ಲಿ ಬಾಡಿಸಿ, ಮೊಟ್ಟೆ ಒಡೆದು ಹಾಕಿ, ಉಪ್ಪು ಉದುರಿಸಿದ. ತಟ್ಟೆಯನ್ನು ಅಂಗಡಿಗೇ ತಂದು ಅವಳ ಮಡಿಲಲ್ಲಿಟ್ಟ. ಈ ಸಲ ಅವಳ ಮುಖ ನೋಡುತ್ತ ಕೂರಲಿಲ್ಲ. ಬೆನ್ನು ತಿರುಗಿಸಿ ಇನ್ನೊಂದು ಗೌನಿನ ಹೊಲಿಗೆ ಬಿಚ್ಚತೊಡಗಿದ. ಹಿಂದಿನಿಂದ ಚಮಚ ತಟ್ಟೆಗೆ ತಾಗುವ ಸದ್ದು ನಿಲ್ಲದೆ ಕೇಳುತ್ತಿತ್ತು.

“ಇನ್ನೂ ಸ್ವಲ್ಪ ಇದೆಯಾ ಮಾಸ್ಟ್ರೇ?” ಎಂದಳು.

ಇದೆ ಎಂದು ಎದ್ದು ಹೋಗಿ ಬಡಿಸಿದ.