ಮೂರು ಲೋಕಲ್ ಹೋಗುವಷ್ಟು ಹೊತ್ತು

ಹಡಗಿನ ಅಡುಗೆ ಬಿಟ್ಟು ಎಪ್ಪತ್ತೆರಡನೇ ಇಸವಿಯಲ್ಲಿ ಮುಂಬೈ ಬಳಿಯ ಡೊಂಬಿವಲಿಯ ಚಾಳಿಗೆ ಬಂದ ಅಂಕೋಲೆಯ ಬೊಮ್ಮಯ್ಯನಿಗೆ ಭಾನುವಾರ ಒಲೆಯೇ ಬೇಡ. ಹಸಿ ಸುರಮಾಯಿ ಮೀನನ್ನು ಹೂವಿನೆಸಳಿನಂತೆ ತೆಳ್ಳಗೆ ಸೀಳಿ, ಹುಳಿಯಲ್ಲೇ ಬೇಯಲೆಂದು ಲಿಂಬೆರಸದಲ್ಲಿ ಮುಳುಗಿಸಿ, ರೈಲಿನ ಸದ್ದಿಗೆ ಕಿವಿಗೊಟ್ಟು ಕಿಟಕಿಯ ಬಳಿ ಇನ್ನೂ ಹಡಗಿನಲ್ಲಿ ತೇಲುತ್ತಿರುವವನಂತೆ ಕೂರುತ್ತಾನೆ. ಗಡಿಯಾರ ನೋಡುವವನಲ್ಲ, ಮೂರು ಲೋಕಲ್ ರೈಲು ಹೋಗಬೇಕು. "ತಡಿ ಮಾರಾಯ್ತಿ, ಕರ್ಜತ್ ಗಾಡಿ ಹೋಗ್ಲಿ, ಆಗ ಬೇಯ್ತದೆ" ಎಂದು ಹೆಂಡತಿ ಹೊನ್ನಮ್ಮನಿಗೆ ಹೇಳುತ್ತಾನೆ. ರೈಲು ಬಂದ್ ಆದ ಒಂದು ಭಾನುವಾರ ಸಂಜೆಯಾದರೂ ಮೀನು ಬೇಯಲೇ ಇಲ್ಲ. ಉಳಿದ ಭಾನುವಾರಗಳಲ್ಲಿ ಮೂರನೆಯ ಗಾಡಿ ಹೋದ ಮೇಲೆ ಈರುಳ್ಳಿ, ಹಸಿಮೆಣಸು ಉದುರಿಸಿ, ಹೆಗಲಿಗೆ ಬಿಳಿ ವಸ್ತ್ರ ಹಾಕಿ, ಹೊನ್ನಮ್ಮನ ಮುಂದೆ ತಟ್ಟೆಯಿಟ್ಟು ನೆಟ್ಟಗೆ ನಿಲ್ಲುತ್ತಾನೆ. ಹಸಿ ಮೀನೆಂದರೆ ಅವಳಿಗೆ ವಾಕರಿಕೆ. ಕಣ್ಣು ಮುಚ್ಚಿ ನುಂಗಿ, "ಬೆಂದದೆ" ಎನ್ನುತ್ತಾಳೆ. ಹಡಗಿನಲ್ಲಿ ಇಪ್ಪತ್ತೆರಡು ವರ್ಷ ಆ ಮೊದಲ ತಟ್ಟೆ ಕಪ್ತಾನನಿಗೆ ಹೋಗುತ್ತಿತ್ತು. ಈಗ ಅದನ್ನು ಅವಳು ಯಾರಿಗೂ ಬಿಟ್ಟುಕೊಡಳು.